ಅಳತೆಗಾರ ಕೂಲಂಬ್

ಒಣ ಕೂದಲನ್ನು ಬಾಚಿದ ಬಾಚಣಿಗೆಯು ಕಾಗದದ ಚೂರುಗಳನ್ನು ತನ್ನತ್ತ ಎಳೆದುಕೊಳ್ಳುವುದನ್ನು ಕಂಡು ಬೆರಗಾಗದ ಬಾಲಕರಿಲ್ಲ. ಅಂಬರಿನ ತುಂಡನ್ನು ಉಣ್ಣೆಯ ಬಟ್ಟೆಯಿಂದ ಉಜ್ಜಿದರೆ ಅದು ಹೊಟ್ಟು, ಗರಿ ಮುಂತಾದ ಹಗುರ ವಸ್ತುಗಳನ್ನು ಸೆಳೆಯುವುದೆಂಬುದು ಪ್ರಾಚೀನ ಗ್ರೀಕರಿಗೂ ತಿಳಿದಿತ್ತು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಜನರು ಈ ಸೋಜಿಗವನ್ನು ನೋಡಿದರು; ಅದರ ಬಗೆಗೆ ತರ್ಕಿಸಿದರು. ಹದಿನೆಂಟನೆಯ ಶತಮಾನದ ಯುರೋಪಿನಲ್ಲಂತೂ ಅದು ಶ್ರೀಮಂತರ ಮನೆಗಳ ವಿನೋದವೇ ಆಯಿತು. ಆದರೆ ಆ ಸೆಳೆತ ಎಷ್ಟು? ದೂರವು ಇಮ್ಮಡಿಯಾದರೆ ಅದು ಅರ್ಧಕ್ಕೆ ಇಳಿಯುವುದೋ, ಕಾಲು ಭಾಗಕ್ಕೆ ಇಳಿಯುವುದೋ? ಈ ಪ್ರಶ್ನೆಗೆ ಅಳೆದು ಉತ್ತರ ಕಂಡು, ಆ ಅಳತೆಯನ್ನು ಎಲ್ಲರೂ ಪರೀಕ್ಷಿಸಿ ನೋಡಬಹುದಾದ ರೀತಿಯಲ್ಲಿ ಲೋಕದ ಮುಂದಿಟ್ಟವನು ವಿದ್ಯುತ್ತಿನ ಪಂಡಿತನೆಂದು ಹೆಸರಾದವನೇನೂ ಆಗಿರಲಿಲ್ಲ. ಅವನು ಕೋಟೆ ಕಟ್ಟುವ ಕೆಲಸದಲ್ಲಿ ಯೌವನವನ್ನು ಸವೆಸಿದ ಒಬ್ಬ ಸೈನಿಕ ಎಂಜಿನಿಯರು.

ಚಾರ್ಲ್ಸ್ ಆಗಸ್ಟಿನ್ ಕೂಲಂಬನು ಫ್ರಾನ್ಸ್ ದೇಶದ ಅಂಗುಲೇಮ್ ಎಂಬ ಪಟ್ಟಣದಲ್ಲಿ 1736ನೆಯ ಇಸವಿ ಜೂನ್ 14ರಂದು ಜನಿಸಿದನು. ಬಾಲ್ಯದಲ್ಲಿಯೇ ಕುಟುಂಬವು ಪ್ಯಾರಿಸಿಗೆ ಬಂದು ನೆಲೆಸಿತು. ಅಲ್ಲಿಯ ಮಜಾರಿನ್ ಕಾಲೇಜಿನಲ್ಲಿ ಭಾಷೆ, ಸಾಹಿತ್ಯ, ತತ್ತ್ವಶಾಸ್ತ್ರಗಳೊಡನೆ ಗಣಿತವೂ ಅವನಿಗೆ ದೊರೆಯಿತು. ಖಗೋಳಜ್ಞನಾದ ಲ ಮೊನಿಯೇ ಎಂಬವನ ಉಪನ್ಯಾಸಗಳನ್ನು ಕೇಳಿದ ಮೇಲೆ ಗಣಿತವೇ ತನ್ನ ದಾರಿಯೆಂದು ಬಾಲಕನು ನಿಶ್ಚಯಿಸಿಕೊಂಡನು. ತಾಯಿಯ ಎಣಿಕೆ ಬೇರೆಯಾಗಿತ್ತು. ಮಗನು ವೈದ್ಯನಾಗಬೇಕೆಂದು ಆಕೆ ಹಟ ಹಿಡಿದಳು. ಇದೇ ಸಮಯಕ್ಕೆ ತಂದೆಯು ಹಣದ ವ್ಯವಹಾರಗಳಲ್ಲಿ ಕೈಸುಟ್ಟುಕೊಂಡು ತನ್ನ ಹುಟ್ಟೂರ ಕಡೆಯ ಮಾಂಪೆಲಿಯೆ ನಗರಕ್ಕೆ ಹಿಂದಿರುಗಿದನು. ತಾಯಿಯ ಮುನಿಸಿಗೆ ಗುರಿಯಾದ ಮಗನೂ ತಂದೆಯ ಬಳಿಗೆ ಹೋದನು. 1757ರಲ್ಲಿ ಅಲ್ಲಿಯ ವಿಜ್ಞಾನ ಸಂಘವು ಇಪ್ಪತ್ತೊಂದು ವರ್ಷವೂ ತುಂಬದ ಈ ತರುಣನನ್ನು ತನ್ನ ಸದಸ್ಯನನ್ನಾಗಿ ಮಾಡಿಕೊಂಡಿತು.

ಸಂಘದ ಸದಸ್ಯತ್ವದಿಂದ ಹೊಟ್ಟೆ ತುಂಬುವುದಿಲ್ಲ. ಗಣಿತ ಬಲ್ಲ ಬಡವನಿಗೆ ಆಗಿನ ಫ್ರಾನ್ಸಿನಲ್ಲಿ ಸೈನ್ಯದ ಎಂಜಿನಿಯರಿಂಗ್ ಶಾಖೆಯೊಂದು ಗೌರವದ ದಾರಿಯಾಗಿತ್ತು. ಕೂಲಂಬನು ಪ್ರವೇಶ ಪರೀಕ್ಷೆಗೆ ಸಿದ್ಧನಾಗಿ, 1760ರಲ್ಲಿ ಮೆಜಿಯೇರ್ ಎಂಬಲ್ಲಿದ್ದ ಎಂಜಿನಿಯರಿಂಗ್ ಶಾಲೆಯನ್ನು ಸೇರಿ, ಮರುವರ್ಷದ ಕೊನೆಯಲ್ಲಿ ಅಧಿಕಾರಿಯಾಗಿ ಹೊರಬಂದನು. 1764ರಲ್ಲಿ ಅವನನ್ನು ಸಮುದ್ರದಾಚೆಯ ಮಾರ್ಟಿನಿಕ್ ದ್ವೀಪಕ್ಕೆ ಕಳುಹಿಸಲಾಯಿತು. ವೆಸ್ಟ್ ಇಂಡೀಸಿನ ಈ ದ್ವೀಪವನ್ನು ಇಂಗ್ಲಿಷರು ಗೆದ್ದುಕೊಂಡು, ಒಪ್ಪಂದದಂತೆ ಫ್ರೆಂಚರಿಗೆ ಆಗತಾನೆ ಹಿಂದಿರುಗಿಸಿದ್ದರು. ಅದು ಮತ್ತೆ ಕೈಬಿಡದಂತೆ ಅಲ್ಲೊಂದು ಭದ್ರವಾದ ಕೋಟೆಯನ್ನು ಕಟ್ಟಬೇಕಾಗಿತ್ತು. ಎಂಟು ವರ್ಷಗಳ ಕಾಲ ಕೂಲಂಬನು ಬೂರ್ಬನ್ ಕೋಟೆಯ ಕೆಲಸದಲ್ಲಿ ತೊಡಗಿದನು. ನೂರಾರು ಆಳುಗಳ ಮೇಲ್ವಿಚಾರಣೆ, ಸೆಕೆ, ಜ್ವರ, ಸುತ್ತಲೂ ಸಾವು. ಅವನೂ ಹಲವು ಬಾರಿ ಕಾಯಿಲೆ ಬಿದ್ದನು. ಅಲ್ಲಿ ಕೆಟ್ಟ ಆರೋಗ್ಯ ಅವನಿಗೆ ಜೀವಮಾನದಲ್ಲಿ ಮತ್ತೆ ಪೂರ್ತಿಯಾಗಿ ಸುಧಾರಿಸಲಿಲ್ಲ.

ಆದರೂ ಆ ಎಂಟು ವರ್ಷಗಳು ವ್ಯರ್ಥವಾದವೆನ್ನಲಾಗದು. ಗೋಡೆಯ ಹಿಂದೆ ತುಂಬಿದ ಮಣ್ಣು ಗೋಡೆಯನ್ನು ಎಷ್ಟು ಬಲದಿಂದ ಮುಂದಕ್ಕೆ ನೂಕುತ್ತದೆ, ಕಲ್ಲಿನ ಕಂಬ ಎಷ್ಟು ಭಾರಕ್ಕೆ ಒಡೆಯುತ್ತದೆ, ಕಮಾನು ಯಾವಾಗ ಕುಸಿಯುತ್ತದೆ ಎಂಬ ಪ್ರಶ್ನೆಗಳು ಅವನಿಗೆ ಪುಸ್ತಕದಿಂದ ಬಂದವುಗಳಲ್ಲ. ಕಣ್ಣೆದುರಿನ ಕೆಲಸದಿಂದ ಬಂದವು. 1772ರಲ್ಲಿ ತಾಯ್ನಾಡಿಗೆ ಮರಳಿದ ಅವನು ಮರುವರ್ಷವೇ ಇವುಗಳನ್ನು ಗಣಿತದಿಂದ ಬಿಡಿಸಿ ಒಂದು ಪ್ರಬಂಧವನ್ನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದನು. ಮಣ್ಣಿನ ಒತ್ತಡವನ್ನು ಕುರಿತು ಅವನು ಅಲ್ಲಿ ಹೇಳಿದ ರೀತಿಯನ್ನು ಎಂಜಿನಿಯರುಗಳು ಇಂದಿಗೂ ಕಲಿಯುತ್ತಾರೆ. ಆಳುಗಳ ವಿಷಯವನ್ನೂ ಅವನು ಮರೆಯಲಿಲ್ಲ. ಒಬ್ಬ ಮನುಷ್ಯ ದಿನವೊಂದಕ್ಕೆ ಎಷ್ಟು ಕೆಲಸ ಮಾಡಬಲ್ಲನೆಂಬುದನ್ನು ಅಳೆದು ಮುಂದೆ ಬರೆದಾಗ, ಮಾರ್ಟಿನಿಕ್ಕಿನ ಸೆಕೆಯಲ್ಲಿ ಫ್ರಾನ್ಸಿನ ಅರ್ಧದಷ್ಟು ಕೆಲಸವೂ ಸಾಧ್ಯವಿಲ್ಲವೆಂಬುದನ್ನು ಅವನು ಎತ್ತಿ ತೋರಿಸಿದನು.

ಬಳಿಕ ಊರಿಂದೂರಿಗೆ ವರ್ಗವಾಗುತ್ತ ಹೋದರೂ ಬಿಡುವಿನ ವೇಳೆಯಲ್ಲಿ ಪ್ರಯೋಗಗಳು ನಡೆದೇ ಇದ್ದವು. ನಾವಿಕರ ದಿಕ್ಸೂಚಿಯನ್ನು ಉತ್ತಮಪಡಿಸುವ ಬಗೆಯನ್ನು ತಿಳಿಸಿದವರಿಗೆ ಅಕಾಡೆಮಿಯು ಒಂದು ಬಹುಮಾನವನ್ನು ಸಾರಿತ್ತು. ಅಯಸ್ಕಾಂತದ ಸೂಜಿಯನ್ನು ಮೊಳೆಯ ತುದಿಯ ಮೇಲೆ ಕೂರಿಸಿದರೆ ಘರ್ಷಣೆಯು ಸೂಕ್ಷ್ಮವಾದ ಚಲನೆಯನ್ನು ತಡೆಯುತ್ತದೆ. ಅದರ ಬದಲು ಸೂಜಿಯನ್ನು ತೆಳ್ಳನೆಯ ಎಳೆಯಿಂದ ತೂಗುಹಾಕಬೇಕು ಎಂದು ಕೂಲಂಬನು ಸೂಚಿಸಿದನು. 1777ರಲ್ಲಿ ಆ ಬಹುಮಾನವು ಅವನಿಗೂ ಡಚ್ಚರ ವಾನ್ ಸ್ವಿಂಡನ್ನನಿಗೂ ಹಂಚಿಕೆಯಾಯಿತು. ಎರಡು ವರ್ಷಗಳ ಮೇಲೆ ರೋಶ್‌ಫೋರ್ ಬಂದರಿಗೆ ಹೋದಾಗ ಅಲ್ಲಿಯ ಹಡಗುಕಟ್ಟೆಯೇ ಅವನ ಪ್ರಯೋಗಶಾಲೆಯಾಯಿತು. ಮರದ ಮೇಲೆ ಮರ, ಮರದ ಮೇಲೆ ಲೋಹ ಜಾರುವಾಗ ಉಂಟಾಗುವ ಘರ್ಷಣೆಯನ್ನು ಭಾರವಾದ ಹೊರೆಗಳನ್ನು ಎಳೆಸಿ ಅಳೆದನು. ಈ ಕೆಲಸಕ್ಕೆ 1781ರಲ್ಲಿ ಇನ್ನೊಂದು ಬಹುಮಾನವೂ, ಅದೇ ವರ್ಷದ ಕೊನೆಗೆ ಅಕಾಡೆಮಿಯ ಸದಸ್ಯತ್ವವೂ ದೊರೆತು ಅವನು ಪ್ಯಾರಿಸಿನಲ್ಲಿ ನೆಲೆ ನಿಂತನು.

ನೆಲೆ ನಿಂತವನನ್ನು ಒಂದು ಕಹಿ ಅನುಭವ ಕಾದಿತ್ತು. ಬ್ರಿಟನಿ ಪ್ರಾಂತದಲ್ಲಿ ಕಾಲುವೆಗಳನ್ನು ತೋಡಿ ಬಂದರುಗಳನ್ನು ಸುಧಾರಿಸುವ ದೊಡ್ಡ ಯೋಜನೆಯೊಂದು ಸಿದ್ಧವಾಗಿತ್ತು. ಅದನ್ನು ಪರೀಕ್ಷಿಸುವ ಹೊಣೆ ಕೂಲಂಬನ ಪಾಲಿಗೆ ಬಂದಿತು. ಅವನು ಸ್ಥಳವನ್ನು ನೋಡಿ, ಲೆಕ್ಕ ಹಾಕಿ, ಯೋಜನೆಯಲ್ಲಿನ ದೋಷಗಳನ್ನು ಮುಚ್ಚುಮರೆಯಿಲ್ಲದೆ ಬರೆದನು. ಅದರಲ್ಲಿ ಹಿತವಿದ್ದವರು ಸುಮ್ಮನಿರುವರೇ? ಮೇಲಿನವರ ಕೋಪ ಅವನತ್ತ ತಿರುಗಿತು. 1783ರ ನವೆಂಬರಿನಲ್ಲಿ ವಿಜ್ಞಾನ ಅಕಾಡೆಮಿಯ ಈ ಸದಸ್ಯನು ಒಂದು ವಾರ ಕಾಲ ಪ್ಯಾರಿಸಿನ ಸೆರೆಮನೆಯಲ್ಲಿ ಇರಬೇಕಾಯಿತು. ಬೇಸತ್ತು ಸೈನ್ಯದ ಹುದ್ದೆಗೆ ರಾಜೀನಾಮೆ ಕೊಡಲು ಹೋದರೆ ಅದನ್ನೂ ಸ್ವೀಕರಿಸಲಿಲ್ಲ. ಮುಂದೆ ಬ್ರಿಟನಿಯ ಜನರೇ ಅವನ ಮಾತು ಸರಿಯೆಂದರಿತು ದೊಡ್ಡ ಉಡುಗೊರೆಯನ್ನು ನೀಡಬಂದಾಗ, ಅವನು ಸೆಕೆಂಡುಗಳನ್ನು ತೋರಿಸುವ ಒಂದು ಗಡಿಯಾರವನ್ನು ಮಾತ್ರ ತೆಗೆದುಕೊಂಡನೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಆ ಗಡಿಯಾರವು ಪ್ರಯೋಗಗಳಿಗೆ ಬಳಕೆಯಾಯಿತಂತೆ.

ಸೆರೆಯಿಂದ ಹೊರಬಂದ ಮರುವರ್ಷ, ಅಂದರೆ 1784ರಲ್ಲಿ, ಅವನು ಅಕಾಡೆಮಿಯ ಮುಂದೆ ಒಂದು ಚಿಕ್ಕ ವಿಷಯವನ್ನು ಓದಿದನು. ದಿಕ್ಸೂಚಿಯ ಸೂಜಿಯನ್ನು ಎಳೆಗೆ ತೂಗುಹಾಕಿದಾಗ ಆ ಎಳೆಯೂ ತಿರುಚಿಕೊಂಡು ಸೂಜಿಯನ್ನು ಸ್ವಲ್ಪ ಹಿಂದಕ್ಕೆಳೆಯುತ್ತದೆ. ಬೇರೆಯವರು ಇದನ್ನೊಂದು ಪೀಡೆಯೆಂದು ಬಗೆಯುತ್ತಿದ್ದರು. ಕೂಲಂಬನು ಆ ಪೀಡೆಯನ್ನೇ ಅಳೆಯಲು ಕುಳಿತನು. ಲೋಹದ ಎಳೆಯನ್ನು ಎಷ್ಟು ಡಿಗ್ರಿ ತಿರುಚಿದರೆ ಅಷ್ಟೇ ಪ್ರಮಾಣದಲ್ಲಿ ಅದು ಪ್ರತಿರೋಧಿಸುತ್ತದೆ. ಇಮ್ಮಡಿ ತಿರುಚಿದರೆ ಇಮ್ಮಡಿ, ಮುಮ್ಮಡಿ ತಿರುಚಿದರೆ ಮುಮ್ಮಡಿ. ಎಳೆಯು ಉದ್ದವಾದಷ್ಟೂ, ತೆಳುವಾದಷ್ಟೂ ಪ್ರತಿರೋಧ ಕಡಿಮೆ. ಹಾಗಾದರೆ ಸಾಕಷ್ಟು ತೆಳ್ಳನೆಯ ಎಳೆಯೊಂದು ದೊರೆತರೆ, ಯಾವ ತಕ್ಕಡಿಗೂ ಸಿಕ್ಕದಷ್ಟು ಸಣ್ಣ ಬಲವನ್ನೂ ಎಳೆಯ ತಿರುವಿನಿಂದ ತೂಗಬಹುದಲ್ಲವೆ? ಹೀಗೆ ಹುಟ್ಟಿದ ಉಪಕರಣವೇ ತಿರುಚು ತಕ್ಕಡಿ. ಇಂಗ್ಲೆಂಡಿನಲ್ಲಿ ಜಾನ್ ಮಿಚೆಲ್ ಎಂಬವನಿಗೂ ಇಂತಹುದೇ ಉಪಾಯ ಸ್ವತಂತ್ರವಾಗಿ ಹೊಳೆದಿತ್ತು. ಅವನ ಉಪಕರಣದಿಂದ ಹೆನ್ರಿ ಕ್ಯಾವೆಂಡಿಷನು 1798ರಲ್ಲಿ ಭೂಮಿಯ ಸಾಂದ್ರತೆಯನ್ನು ಕಂಡುಹಿಡಿದನು.

ಕೂಲಂಬನ ತಕ್ಕಡಿಯು ನೋಡಲು ಸರಳವಾದುದು. ಹನ್ನೆರಡು ಅಂಗುಲ ಅಗಲ, ಅಷ್ಟೇ ಎತ್ತರದ ಒಂದು ಗಾಜಿನ ಪಾತ್ರೆ. ಅದರ ಮುಚ್ಚಳದ ನಡುವಿನಿಂದ ಮೇಲಕ್ಕೆದ್ದ ಎರಡಡಿಯ ಗಾಜಿನ ಕೊಳವೆ. ಕೊಳವೆಯ ತುದಿಯಲ್ಲಿ ಡಿಗ್ರಿಗಳನ್ನು ಗುರುತಿಸಿದ ಒಂದು ತಿರುಗುಬಿಲ್ಲೆ. ಅದರಿಂದ ಇಳಿಬಿದ್ದ ಕೂದಲಿಗಿಂತಲೂ ತೆಳುವಾದ ಬೆಳ್ಳಿಯ ಎಳೆ. ಎಳೆಯ ಕೆಳತುದಿಗೆ ಅರಗು ಸವರಿದ ಒಂದು ಹಗುರವಾದ ಅಡ್ಡಕಡ್ಡಿ. ಆ ಕಡ್ಡಿಯ ಒಂದು ಕೊನೆಯಲ್ಲಿ ಬೆಂಡಿನಿಂದ ಮಾಡಿದ, ಸಣ್ಣ ಬಟಾಣಿಯಷ್ಟು ದಪ್ಪದ ಗುಂಡು. ಅಂತಹುದೇ ಮತ್ತೊಂದು ಗುಂಡನ್ನು ಮುಚ್ಚಳದ ರಂಧ್ರದಿಂದ ಇಳಿಬಿಟ್ಟು, ಮೊದಲಿನದಕ್ಕೆ ತಾಗುವಂತೆ ಅಲುಗದೆ ನಿಲ್ಲಿಸಲಾಗಿತ್ತು. ಪಾತ್ರೆಯ ಸುತ್ತ 360 ಡಿಗ್ರಿಗಳ ಪಟ್ಟಿ. ಗಾಜಿನ ಗೋಡೆಯು ಗಾಳಿಯ ಅಲುಗಾಟವನ್ನು ತಡೆಯುತ್ತಿತ್ತು.

ವಿದ್ಯುದಾವೇಶವುಳ್ಳ ಒಂದು ಗುಂಡುಸೂಜಿಯ ತಲೆಯನ್ನು ಒಳಗಿನ ಗುಂಡಿಗೆ ತಾಗಿಸಿದೊಡನೆ, ಪರಸ್ಪರ ತಾಗಿಕೊಂಡಿದ್ದ ಎರಡೂ ಗುಂಡುಗಳು ಆ ಆವೇಶವನ್ನು ಸಮನಾಗಿ ಹಂಚಿಕೊಂಡವು. ಸಜಾತೀಯ ಆವೇಶಗಳು ಒಂದನ್ನೊಂದು ದೂಡುತ್ತವೆ. ಕಡ್ಡಿಯ ಗುಂಡು ದೂರ ಸರಿದು 36 ಡಿಗ್ರಿಯಲ್ಲಿ ನಿಂತಿತು. ಆಗ ಎಳೆಯ ತಿರುವು 36 ಡಿಗ್ರಿ. ಕೂಲಂಬನು ಮೇಲಿನ ಬಿಲ್ಲೆಯನ್ನು ಎದುರು ದಿಕ್ಕಿಗೆ 126 ಡಿಗ್ರಿ ತಿರುಗಿಸಿ ಗುಂಡನ್ನು ಹತ್ತಿರಕ್ಕೆ ತಳ್ಳಿದನು. ಅದು 18 ಡಿಗ್ರಿಯಲ್ಲಿ ನಿಂತಿತು. ಮೇಲಿನಿಂದ 126, ಕೆಳಗಿನಿಂದ 18, ಒಟ್ಟು ತಿರುವು 144 ಡಿಗ್ರಿ. ದೂರವು ಅರ್ಧವಾಗಿದೆ, ಬಲವಾದರೋ ನಾಲ್ಕು ಪಟ್ಟಾಗಿದೆ. ಮೂರನೆಯ ಸಲ ಬಿಲ್ಲೆಯನ್ನು 567 ಡಿಗ್ರಿಯವರೆಗೆ ತಿರುಗಿಸಿದಾಗ ಗುಂಡು ಎಂಟೂವರೆ ಡಿಗ್ರಿಗೆ ಬಂದಿತು. ಒಟ್ಟು ತಿರುವು ಐನೂರ ಎಪ್ಪತ್ತೈದೂವರೆ. ಮೂವತ್ತಾರರ ಹದಿನಾರು ಪಟ್ಟು 576. ದೂರವು ಕಾಲು ಭಾಗವಾದಾಗ ಬಲವು ಹದಿನಾರು ಪಟ್ಟು. ಕಾಲು ಭಾಗವೆಂದರೆ ಒಂಬತ್ತು ಡಿಗ್ರಿಯಾಗಬೇಕಿತ್ತಲ್ಲ ಎಂದು ಜಾಣ ವಿದ್ಯಾರ್ಥಿಯು ಕೇಳಬಹುದು. ಕೇಳಬೇಕಾದುದೇ. ಒಂಬತ್ತೆಂದು ಬರೆದಿದ್ದರೆ ಲೆಕ್ಕವು ಅಂದವಾಗುತ್ತಿತ್ತು. ಆದರೆ ಕಂಡದ್ದು ಎಂಟೂವರೆ, ಅವನು ಅಚ್ಚು ಹಾಕಿಸಿದ್ದೂ ಎಂಟೂವರೆ. 1785ರ ಈ ಮೂರು ಅಳತೆಗಳಿಂದ ವಿದ್ಯುತ್ ವಿಕರ್ಷಣೆಯು ದೂರದ ವರ್ಗಕ್ಕೆ ವಿಲೋಮವಾಗಿ ಬದಲಾಗುವುದೆಂಬ ನಿಯಮ ಹೊರಬಿದ್ದಿತು. ಇಷ್ಟು ನವುರಾದ ಉಪಕರಣದಿಂದ ಇಂತಹ ಫಲಿತಾಂಶ ಬರುವುದುಂಟೆ ಎಂದು 1990ರ ದಶಕದಲ್ಲಿ ಜರ್ಮನಿಯಲ್ಲಿ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ಸಂದೇಹ ಎದ್ದಿತು. ಅಮೆರಿಕದಲ್ಲಿ ಇನ್ನೂ ಎಚ್ಚರದಿಂದ ಮಾಡಿದ ಪ್ರಯೋಗವು 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೂಲಂಬನ ಅಳತೆಗಳನ್ನು ಹೋಲುವ ಅಳತೆಗಳೇ ದೊರೆತವು.

ವಿಜಾತೀಯ ಆವೇಶಗಳ ಆಕರ್ಷಣೆಯನ್ನು ಅಳೆಯುವುದು ಇಷ್ಟು ಸುಲಭವಾಗಲಿಲ್ಲ. ಗುಂಡುಗಳು ಹತ್ತಿರ ಬಂದೊಡನೆ ಥಟ್ಟನೆ ಅಂಟಿಕೊಂಡು ಆವೇಶವನ್ನು ಕಳೆದುಕೊಳ್ಳುತ್ತಿದ್ದವು. ಅದಕ್ಕೆ ಅವನು ಬೇರೆ ದಾರಿಯನ್ನು ಹಿಡಿದನು. ಆವೇಶವುಳ್ಳ ದೊಡ್ಡ ಗೋಳದ ಎದುರಿನಲ್ಲಿ ರೇಷ್ಮೆಯ ಎಳೆಯಿಂದ ಒಂದು ಪುಟ್ಟ ಕಡ್ಡಿಯನ್ನು ತೂಗುಬಿಟ್ಟು, ಅದು ಗಡಿಯಾರದ ಲೋಲಕದಂತೆ ಹದಿನೈದು ಬಾರಿ ತೂಗಲು ಎಷ್ಟು ಹೊತ್ತು ಬೇಕೆಂದು ಎಣಿಸಿದನು. ಸೆಳೆತವು ಬಲವಾಗಿದ್ದರೆ ತೂಗಾಟ ಬೇಗ, ದುರ್ಬಲವಾಗಿದ್ದರೆ ನಿಧಾನ. ವರ್ಗದ ನಿಯಮ ನಿಜವಾಗಿದ್ದರೆ ಈ ಹೊತ್ತು ದೂರಕ್ಕೆ ಅನುಗುಣವಾಗಿ ಬೆಳೆಯಬೇಕು. ಗೋಳದ ಕೇಂದ್ರದಿಂದ 9, 18 ಮತ್ತು 24 ಅಂಗುಲ ದೂರಗಳಲ್ಲಿ ಅವನಿಗೆ ದೊರೆತ ಹೊತ್ತು 20, 41 ಮತ್ತು 60 ಸೆಕೆಂಡು. ಮೊದಲೆರಡು ಸರಿ ಹೊಂದಿದವು. ಮೂರನೆಯದು 54 ಸೆಕೆಂಡಿನೊಳಗೆ ಬರಬೇಕಾಗಿತ್ತು. ಆರು ಸೆಕೆಂಡು ಹೆಚ್ಚು. ಕೂಲಂಬನು ಈ ಅಂಕಿಯನ್ನು ಬಚ್ಚಿಡದೆ ಕಾರಣವನ್ನು ಹುಡುಕಿದನು. ತೇವವಿದ್ದ ಗಾಳಿಗೆ ಆವೇಶವು ನಿಮಿಷಕ್ಕೆ ನಲವತ್ತರಲ್ಲಿ ಒಂದು ಭಾಗದಂತೆ ಸೋರಿಹೋಗುತ್ತಿತ್ತು. ಪ್ರಯೋಗಕ್ಕೆ ನಾಲ್ಕು ನಿಮಿಷ ಹಿಡಿದುದರಿಂದ ಹತ್ತರಲ್ಲೊಂದು ಭಾಗದಷ್ಟು ಬಲವೇ ನಷ್ಟವಾಗಿತ್ತು. ಅದನ್ನು ಲೆಕ್ಕಕ್ಕೆ ಹಿಡಿದರೆ 60ರ ಬದಲು 57 ಬರುತ್ತದೆ. ಇನ್ನೂ ಉಳಿದ ವ್ಯತ್ಯಾಸವನ್ನು ಅವನು ಹಾಗೆಯೇ ಬಿಟ್ಟನು.

ಈ ನಿಯಮವನ್ನು ಊಹಿಸಿದವರಲ್ಲಿ ಕೂಲಂಬನು ಮೊದಲಿಗನಲ್ಲ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯು 1767ರಲ್ಲಿಯೇ, ಆವೇಶವುಳ್ಳ ಲೋಹದ ಪಾತ್ರೆಯೊಳಗೆ ಸೆಳೆತವೇ ಇಲ್ಲದುದನ್ನು ಕಂಡು, ಇದು ನ್ಯೂಟನ್ನನ ಗುರುತ್ವದ ನಿಯಮದಂತೆಯೇ ಇರಬೇಕೆಂದು ತರ್ಕಿಸಿದ್ದನು. ಸ್ಕಾಟ್ಲೆಂಡಿನ ಜಾನ್ ರಾಬಿಸನ್ನನು 1769ರಲ್ಲಿ ಅಳೆದೂ ನೋಡಿದ್ದನು; ಆದರೆ ಬಹುಕಾಲ ಪ್ರಕಟಿಸಲಿಲ್ಲ. ಸಂಕೋಚದ ಸ್ವಭಾವದ ಕ್ಯಾವೆಂಡಿಷನು 1770ರ ದಶಕದಲ್ಲಿ ಬಹು ನಿಖರವಾಗಿ ಇದನ್ನು ಸಾಧಿಸಿ, ಕಾಗದಗಳನ್ನು ಪೆಟ್ಟಿಗೆಯಲ್ಲಿಟ್ಟುಬಿಟ್ಟನು. ಅವು ಮ್ಯಾಕ್ಸ್‌ವೆಲ್ಲನ ಕೈಯಿಂದ ಬೆಳಕು ಕಂಡುದು 1879ರಲ್ಲಿ! ನಿಯಮಕ್ಕೆ ಕೂಲಂಬನ ಹೆಸರು ನಿಂತುದು ಅವನು ಅಳೆದುದನ್ನು ಅಳೆದ ಬಗೆಯೊಡನೆ ಎಲ್ಲರಿಗೂ ತಿಳಿಸಿದ್ದರಿಂದ.

1791ರವರೆಗೆ ವಿದ್ಯುತ್ತು ಮತ್ತು ಕಾಂತತ್ವಗಳನ್ನು ಕುರಿತು ಅವನು ಏಳು ಪ್ರಬಂಧಗಳನ್ನು ಬರೆದನು. ಬಲವು ಎರಡು ಆವೇಶಗಳ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ಒಂದರ ಆವೇಶವನ್ನು ಇಮ್ಮಡಿ ಮಾಡಿದರೆ ಬಲವು ಇಮ್ಮಡಿ, ಎರಡನ್ನೂ ಇಮ್ಮಡಿ ಮಾಡಿದರೆ ನಾಲ್ಮಡಿ. ಆವೇಶವು ಲೋಹದ ಮೇಲ್ಮೈಯಲ್ಲಿ ಮಾತ್ರ ಹರಡಿರುತ್ತದೆಂದೂ ಅವನು ತೋರಿಸಿದನು. ಸಮಾನವಾದ ಗೋಳಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿಟ್ಟು ಆವೇಶ ಕೊಟ್ಟರೆ, ನಡುವಿನ ಗೋಳಗಳಿಗಿಂತ ಕೊನೆಯ ಗೋಳಗಳಲ್ಲಿ ಹೆಚ್ಚು ಆವೇಶ ಸೇರುವುದನ್ನು ಅವನು ಅಳೆದನು. ಇದೇಕೆ ಹೀಗೆ?

ಒಂದು ನೇರ ಗೆರೆಯ ಮೇಲೆ ಸಮಾನ ಆವೇಶದ ಮೂರು ಬಿಂದುಗಳು ಒಂದೊಂದು ಮೀಟರು ಅಂತರದಲ್ಲಿವೆಯೆಂದು ಭಾವಿಸೋಣ. ನಡುವಿನದನ್ನು ಎಡಗಡೆಯದು ಬಲಕ್ಕೂ ಬಲಗಡೆಯದು ಎಡಕ್ಕೂ ಸಮನಾಗಿ ದೂಡುವುದರಿಂದ ಅದರ ಮೇಲಿನ ಒಟ್ಟು ಬಲ ಸೊನ್ನೆ. ಎಡತುದಿಯದರ ಸ್ಥಿತಿ ಹಾಗಲ್ಲ. ನಡುವಿನದು ಅದನ್ನು ಎಡಕ್ಕೆ ದೂಡುವ ಬಲವನ್ನು 1 ಎಂದುಕೊಂಡರೆ, ಎರಡು ಮೀಟರು ದೂರದ ಮೂರನೆಯದು ಕಾಲು ಭಾಗದಷ್ಟು ಬಲದಿಂದ ಅದೇ ದಿಕ್ಕಿಗೆ ದೂಡುತ್ತದೆ. ಒಟ್ಟು ಒಂದೂಕಾಲು. ನಡುವೆ ಒಂದು ಆವೇಶವು ಅಡ್ಡಲಾಗಿದೆಯೆಂದು ದೂರದ ಆವೇಶವು ಸುಮ್ಮನಿರುವುದಿಲ್ಲ. ಪ್ರತಿಯೊಂದು ಜೋಡಿಯೂ ಉಳಿದವು ಇಲ್ಲವೇ ಇಲ್ಲವೆಂಬಂತೆ ವರ್ತಿಸುತ್ತದೆ. ಬಳಿಕ ಆ ಬಲಗಳನ್ನು ಕೂಡಿಸಬೇಕು. ದಿಕ್ಕು ಬೇರೆಯಾದರೆ ಕಳೆಯಬೇಕು. ನಡುವಿನ ಆವೇಶವನ್ನು ವಿಜಾತೀಯವಾಗಿ ಬದಲಿಸಿದರೆ ಅದು ಎಡತುದಿಯದನ್ನು ಬಲಕ್ಕೆ 1ರಷ್ಟು ಸೆಳೆಯುತ್ತದೆ, ಮೂರನೆಯದು ಎಡಕ್ಕೆ ಕಾಲರಷ್ಟು ದೂಡುತ್ತದೆ; ಉಳಿಯುವುದು ಬಲಕ್ಕೆ ಮುಕ್ಕಾಲು. ಇನ್ನೊಂದು ಉದಾಹರಣೆ. 4 ಮತ್ತು 1 ಅಳತೆಯ ಎರಡು ಸಜಾತೀಯ ಆವೇಶಗಳು ಮೂರು ಮೀಟರು ಅಂತರದಲ್ಲಿದ್ದರೆ, ಅವುಗಳ ನಡುವೆ ಎಲ್ಲಿಟ್ಟ ಮೂರನೆಯ ಆವೇಶಕ್ಕೆ ಎಳೆದಾಟವಿರದು? ದೊಡ್ಡದರಿಂದ ಎರಡು ಮೀಟರು, ಚಿಕ್ಕದರಿಂದ ಒಂದು ಮೀಟರು. ನಾಲ್ಕನ್ನು ಎರಡರ ವರ್ಗದಿಂದ ಭಾಗಿಸಿದರೆ ಒಂದು. ಒಂದನ್ನು ಒಂದರ ವರ್ಗದಿಂದ ಭಾಗಿಸಿದರೂ ಒಂದು. ಗೋಳಗಳ ಸಾಲಿನಲ್ಲಿಯೂ ತುದಿಗೆ ದೂಡುವ ಈ ಬಲಗಳೇ ಆವೇಶವನ್ನು ಕೊನೆಯ ಗೋಳಗಳತ್ತ ಸರಿಸುತ್ತವೆ. ಅದರ ಪೂರ್ಣ ಗಣಿತವನ್ನು ಕೂಲಂಬನ ಅಳತೆಗಳ ಆಧಾರದಿಂದ ಪ್ವಾಸೋನ್ ಎಂಬ ಗಣಿತಜ್ಞನು 1812ರಲ್ಲಿ ಕಟ್ಟಿದನು.

ಅಷ್ಟರಲ್ಲಿ ಫ್ರಾನ್ಸಿನಲ್ಲಿ ಮಹಾಕ್ರಾಂತಿಯು ನಡೆದುಹೋಗಿತ್ತು. 1791ರಲ್ಲಿ ಕೂಲಂಬನು ಸೈನ್ಯದ ಹುದ್ದೆಯನ್ನು ಬಿಟ್ಟನು. 1793ರ ಆಗಸ್ಟಿನಲ್ಲಿ ಅಕಾಡೆಮಿಯೇ ರದ್ದಾಯಿತು. ಮೀಟರು, ಗ್ರಾಂ ಮೊದಲಾದ ಹೊಸ ಅಳತೆಗಳನ್ನು ಗೊತ್ತುಮಾಡುತ್ತಿದ್ದ ಸಮಿತಿಯಿಂದ ಅವನನ್ನೂ, ಲವೋಸಿಯೆ, ಲಪ್ಲಾಸ್, ಬೋರ್ಡಾ ಮುಂತಾದವರನ್ನೂ ಅದೇ ವರ್ಷದ ಕೊನೆಗೆ ತೆಗೆದುಹಾಕಲಾಯಿತು. ಲವೋಸಿಯೆಯು 1794ರ ಮೇ 8ರಂದು ಕೊಲೆಯಂತ್ರಕ್ಕೆ ಬಲಿಯಾದನು. ಕೂಲಂಬನು ಗೆಳೆಯ ಬೋರ್ಡಾನೊಡನೆ ಬ್ಲ್ವಾ ಪಟ್ಟಣದ ಹತ್ತಿರದ ಹಳ್ಳಿಯ ಮನೆಗೆ ಹೋಗಿ ದಿನಗಳನ್ನು ಕಳೆದನು. ಅವನ ಕುತೂಹಲ ಮಾತ್ರ ಕುಂದಲಿಲ್ಲ. ಮರಗಳಲ್ಲಿ ರಸವು ಏರುವ ಬಗೆಯನ್ನೂ ಅವನು ಪ್ರಯೋಗಕ್ಕೊಳಪಡಿಸಿ ಬರೆದಿದ್ದಾನೆ. 1795ರಲ್ಲಿ ಹೊಸ ವಿಜ್ಞಾನ ಸಂಸ್ಥೆ ಏರ್ಪಟ್ಟಾಗ ಅವನಿಗೆ ಮತ್ತೆ ಕರೆ ಬಂದಿತು. 1802ರಿಂದ ಸಾರ್ವಜನಿಕ ಶಿಕ್ಷಣದ ಇನ್ಸ್‌ಪೆಕ್ಟರನಾಗಿ ನಾಡಿನಲ್ಲಿ ಹೊಸ ಪ್ರೌಢಶಾಲೆಗಳನ್ನು ಸ್ಥಾಪಿಸುವ ಕೆಲಸದಲ್ಲಿ ಅವನು ದುಡಿದನು. ಮಾರ್ಟಿನಿಕ್ಕಿನಲ್ಲಿ ಜರ್ಜರಿತವಾಗಿದ್ದ ದೇಹವು ಈ ತಿರುಗಾಟವನ್ನು ಹೆಚ್ಚು ಕಾಲ ತಾಳಲಿಲ್ಲ. 1806ರ ಆಗಸ್ಟ್ 23ರಂದು ಪ್ಯಾರಿಸಿನಲ್ಲಿ ಅವನು ತೀರಿಕೊಂಡನು.

1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನವು ಆವೇಶದ ಏಕಮಾನಕ್ಕೆ ಕೂಲಂಬ್ ಎಂಬ ಹೆಸರನ್ನಿಟ್ಟಿತು. ಒಂದೊಂದು ಕೂಲಂಬ್ ಆವೇಶವನ್ನು ಒಂದು ಮೀಟರು ಅಂತರದಲ್ಲಿ ಇಡುವುದು ಸಾಧ್ಯವಾದರೆ ಅವು ಸುಮಾರು ಒಂಬೈನೂರು ಕೋಟಿ ನ್ಯೂಟನ್ ಬಲದಿಂದ, ಎಂದರೆ ಒಂಬತ್ತು ಲಕ್ಷ ಟನ್ನಿಗೂ ಮಿಕ್ಕ ತೂಕದಷ್ಟು ಬಲದಿಂದ ಒಂದನ್ನೊಂದು ದೂಡುತ್ತವೆ. ಗಾಜಿನ ಪಾತ್ರೆಯೊಳಗೆ ಆ ಬೆಳ್ಳಿಯ ಎಳೆಯನ್ನು ತಿರುಚಿ ನಿಲ್ಲಿಸಿದ ಬಲವು ಒಂದು ಮಿಲಿಗ್ರಾಮಿನ ತೂಕವನ್ನೂ ಮುಟ್ಟಿರಲಿಲ್ಲ.